ಸ್ಕ್ಯಾನರಿನ ದೀಪ ಹತ್ತುವವರೆಗೆ

2023ರ ಮೇ ತಿಂಗಳ ಕೊನೆಯ ವಾರ ಅಪ್ಪನ ಟ್ರಂಕು ತೆಗೆದೆ. ಮುಚ್ಚಳ ಎತ್ತಿದ ಕೂಡಲೇ ವಿನೆಗರ್ ವಾಸನೆ ಬಂತು. ಹಳೆ ನೆಗೆಟಿವ್ ಹಾಳಾಗತೊಡಗಿದಾಗ ಬರುವ ವಾಸನೆ ಅದು. ಸೆಕೆಗೆ, ತೇವಕ್ಕೆ ಅಸಿಟೇಟ್ ಫಿಲ್ಮು ಆಮ್ಲ ಬಿಡುತ್ತದೆ. ಒಂದು ರೋಲಿಗೆ ಹಿಡಿದದ್ದು ಪಕ್ಕದ ರೋಲಿಗೂ ತಗಲುತ್ತದೆ. ಅಪ್ಪ ಬದುಕಿದ್ದಾಗಲೇ ಇದನ್ನು ಹೇಳಿದ್ದರು. ನಾನು ವರ್ಷ ವರ್ಷ ಮುಂದೂಡುತ್ತ ಬಂದಿದ್ದೆ.

ಅಪ್ಪ ಸಾಗರದಲ್ಲಿ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. 1963ರ ಬೇಸಿಗೆಯಲ್ಲಿ ಯಾಶಿಕಾ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಶರಾವತಿ ಕಣಿವೆಯ ಊರುಗಳಿಗೆ ಹೋಗಿದ್ದರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. 1964ರಲ್ಲಿ ಅದು ಮುಗಿಯಿತು. ಮುಳುಗಲಿದ್ದ ಊರು ಬಿಟ್ಟು ಹೋಗುವ ಮೊದಲು ಮನೆ ಮುಂದೆ ಮನೆಮಂದಿಯನ್ನೆಲ್ಲ ನಿಲ್ಲಿಸಿ ಒಂದು ಫೋಟೋ ತೆಗೆಸಿಕೊಂಡವರು ಹಲವರು. ದುಡ್ಡಿದ್ದವರು ಪ್ರಿಂಟು ಒಯ್ದರು. ಇಲ್ಲದವರದ್ದು ನೆಗೆಟಿವ್ ಆಗಿಯೇ ಉಳಿಯಿತು. ಟ್ರಂಕಿನಲ್ಲಿದ್ದದ್ದು ಒಟ್ಟು 214. ಅಮ್ಮನ ತವರೂರು ಅದೇ ನೀರಿನಡಿ ಇದೆ.

ನಾನು ಟ್ರಂಕು ತೆಗೆದಾಗ ಅಮ್ಮನಿಗೆ 79. ಮರೆವು ಶುರುವಾಗಿ ಎರಡು ವರ್ಷವಾಗಿತ್ತು. ಮಧ್ಯಾಹ್ನ ಉಂಡದ್ದು ಸಂಜೆಗೆ ನೆನಪಿರುತ್ತಿರಲಿಲ್ಲ. ಹಳೆಯದು ಮಾತ್ರ ಗಟ್ಟಿಯಾಗಿ ಇತ್ತು. ನೆಗೆಟಿವ್‌ಗಳಲ್ಲಿದ್ದ ಮುಖಗಳ ಹೆಸರು ಹೇಳಬಲ್ಲವರು ನಮ್ಮ ಮನೆಯಲ್ಲಿ ಅವರೊಬ್ಬರೇ.

ಸ್ಕ್ಯಾನರ್ ಅಪ್ಪನದೇ. 2005ರಲ್ಲಿ ಕೊಂಡದ್ದು. ಮುಚ್ಚಳದೊಳಗೂ ಒಂದು ದೀಪ ಇರುವಂಥದ್ದು. ಆ ದೀಪದ ಬೆಳಕು ನೆಗೆಟಿವ್ ಹಾಯ್ದು ಕೆಳಗೆ ಬಂದರೆ ಮಾತ್ರ ಚಿತ್ರ ಸಿಗುತ್ತದೆ. ಅದನ್ನು ವಿಂಡೋಸ್ ಎಕ್ಸ್‌ಪಿ ಇದ್ದ ಹಳೆ ಕಂಪ್ಯೂಟರಿಗೆ ಹಾಕಿ ಮೊದಲ ದಿನ ಹನ್ನೆರಡು ನೆಗೆಟಿವ್ ಸ್ಕ್ಯಾನ್ ಮಾಡಿದೆ. ಅಮ್ಮ ಎರಡು ಬೆಳಗ್ಗೆ ಕೂತು ನೋಡಿದರು. ಹನ್ನೆರಡು ಫೋಟೋದಲ್ಲಿ 47 ಜನರ ಹೆಸರು ಹೇಳಿದರು. ಒಂದರಲ್ಲಿ ಹಿಂದೆ ಕಟ್ಟಿದ್ದ ಹಸುವಿನ ಹೆಸರನ್ನೂ ಹೇಳಿದರು. ನಾನು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.

ಜೂನ್ 2ರ ರಾತ್ರಿ ಸಿಡಿಲಿಗೆ ಕಂಪ್ಯೂಟರ್ ಸುಟ್ಟಿತು. ಸ್ಕ್ಯಾನರಿನ ಪ್ಲಗ್ ತೆಗೆದಿಟ್ಟಿದ್ದೆ. ಅದು ಉಳಿಯಿತು.

ನಾಲ್ಕು ದಿನದಲ್ಲಿ ಹೊಸ ಲ್ಯಾಪ್‌ಟಾಪ್ ತಂದೆ. ವಿಂಡೋಸ್ 11 ಇದ್ದದ್ದು. ಸ್ಕ್ಯಾನರಿನ ವೈರ್ ಸಿಕ್ಕಿಸಿದಾಗ ಟುಣ್ ಎಂದು ಸದ್ದಾಯಿತು. ಅಷ್ಟೇ. ದೀಪ ಹತ್ತಲಿಲ್ಲ. ಸಾಧನಗಳ ಪಟ್ಟಿಯಲ್ಲಿ ಒಂದು ಹಳದಿ ತ್ರಿಕೋನ ಕಾಣಿಸಿತು. ಸ್ಕ್ಯಾನರಿನ ಜೊತೆ ಬಂದ ಸಿಡಿ ಇತ್ತು. ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಜಾಗವೇ ಇರಲಿಲ್ಲ. ನಾನು ಪಾಠ ಮಾಡುವ ಶಾಲೆಯಿಂದ ಸಿಡಿ ಡ್ರೈವ್ ಕೇಳಿ ತಂದೆ. ಸಿಡಿ ಹಾಕಿದರೆ ಅರ್ಧಕ್ಕೆ ಬಂದು ನಿಂತಿತು. ಈ ಕಂಪ್ಯೂಟರಿಗೆ ಆಗುವುದಿಲ್ಲ ಎಂದು ಬಂತು.

ಕಾರಣ ಆಮೇಲೆ ತಿಳಿಯಿತು. ಸ್ಕ್ಯಾನರನ್ನು ಮಾತಾಡಿಸುವ ಡ್ರೈವರ್ 32 ಬಿಟ್ಟಿಗೆ ಬರೆದದ್ದು. ವಿಂಡೋಸ್ 11 ಇರುವುದೇ 64 ಬಿಟ್ಟಿನಲ್ಲಿ. ಹಳೆಯ ಸಾಮಾನ್ಯ ಪ್ರೋಗ್ರಾಮುಗಳನ್ನು ಅದು ನಡೆಸುತ್ತದೆ, ಆದರೆ 32 ಬಿಟ್ಟಿನ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತಯಾರಿಸಿದ ಕಂಪನಿ ನಮ್ಮ ಮಾಡೆಲ್ಲಿಗೆ 64 ಬಿಟ್ಟಿನ ಡ್ರೈವರ್ ಬರೆದೇ ಇರಲಿಲ್ಲ. ಸ್ಕ್ಯಾನರಿಗೆ ಏನೂ ಆಗಿರಲಿಲ್ಲ. ಇದು ನನಗೆ ತುಂಬ ಸಂಕಟ ಕೊಟ್ಟಿತು. ಕೆಟ್ಟಿದ್ದರೆ ಕೈಬಿಡಬಹುದಿತ್ತು.

ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕೇಳಿದೆ. ಇದನ್ನು ಗುಜರಿಗೆ ಹಾಕಿ, ಹೊಸದು ಒಯ್ಯಿರಿ ಎಂದರು. ಅವರಲ್ಲಿದ್ದ ಯಾವ ಹೊಸ ಸ್ಕ್ಯಾನರಿಗೂ ಮುಚ್ಚಳದಲ್ಲಿ ದೀಪ ಇರಲಿಲ್ಲ. ನೆಗೆಟಿವ್‌ಗಳನ್ನು ಬೆಂಗಳೂರಿಗೆ ಕಳಿಸಬಹುದಿತ್ತು. ಆ ಸ್ಥಿತಿಯ ಫಿಲ್ಮನ್ನು ಮಳೆಗಾಲದಲ್ಲಿ ಪಾರ್ಸೆಲ್ ಮಾಡಲು ಧೈರ್ಯ ಬರಲಿಲ್ಲ.

ಜೂನ್ ಮೂರನೇ ವಾರ ಒಂದು ತಪ್ಪು ಮಾಡಿದೆ. ಡ್ರೈವರ್ ಕೊಡುತ್ತೇವೆ ಎಂದಿದ್ದ ಎಲ್ಲಿಯದೋ ಫೈಲನ್ನು ಇಳಿಸಿ ಒತ್ತಿದೆ. ಡ್ರೈವರ್ ಬರಲಿಲ್ಲ, ಬೇರೇನೋ ಬಂತು. ಪರದೆಯ ತುಂಬ ಜಾಹೀರಾತು. ಮರುದಿನ ಬ್ಯಾಂಕಿನಿಂದ ಅನುಮಾನದ ಮೆಸೇಜು. ಕಾರ್ಡು ನಿಲ್ಲಿಸಿದೆ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದೆ, ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡಿದೆ. ಹಣ ಹೋಗಲಿಲ್ಲ. ಐದು ದಿನ ಹೋಯಿತು. ಹನ್ನೆರಡು ಚಿತ್ರಗಳನ್ನು ಪೆನ್ ಡ್ರೈವಿನಲ್ಲಿ ಬೇರೆ ಇಟ್ಟಿದ್ದೆ, ಅವು ಉಳಿದವು.

ಅಮ್ಮ ದಿನಾ ಬೆಳಗ್ಗೆ ಕೇಳುತ್ತಿದ್ದರು. "ಫೋಟೋ ಇವತ್ತು ಇಲ್ಲವೇನೇ?" ನಾಳೆ ಎನ್ನುತ್ತಿದ್ದೆ.

ಆಮೇಲೆ ಲ್ಯಾಪ್‌ಟಾಪಿನೊಳಗೇ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್‌ಬಾಕ್ಸ್ ಎಂಬುದನ್ನು ಹಾಕಿ, ಅದರೊಳಗೆ ಹಳೆ ಎಕ್ಸ್‌ಪಿ ಹಾಕಿದೆ. ದೀಪ ಹತ್ತಿತು. ಸ್ಕ್ಯಾನರಿನೊಳಗೆ ಸರಿಯುತ್ತ ಚಿತ್ರ ಓದುವ ತಲೆ ಮೂರು ಇಂಚು ಸರಿದು ನಿಂತುಬಿಟ್ಟಿತು. ಕರಕರ ಎಂಬ ಸದ್ದು ಬಂತು. ಗೇರಿನ ಹಲ್ಲು ಸವೆದರೆ ಮುಗಿಯಿತು ಎಂದು ಹೆದರಿ ಪ್ಲಗ್ ಕಿತ್ತೆ. ಮತ್ತೆ ನಾಲ್ಕು ಸಲ ನೋಡಿದೆ. ನಾಲ್ಕೂ ಸಲ ಅಲ್ಲಿಗೇ ನಿಂತಿತು. ಐದನೆಯ ಸಲ ಹಾಕಲಿಲ್ಲ.

ಜುಲೈ 3ರ ಬೆಳಗಿನ ಜಾವ ಅಮ್ಮ ಬಚ್ಚಲಿನಲ್ಲಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹನ್ನೊಂದು ದಿನ ಅಲ್ಲಿದ್ದೆವು. ಆಪರೇಷನ್ ಆದ ಮೇಲೆ ಮೂರು ರಾತ್ರಿ ಅವರಿಗೆ ನಾನು ಯಾರೆಂದು ತಿಳಿಯಲಿಲ್ಲ. ಕೈ ಹಿಡಿದರೆ ಬಿಡಿಸಿಕೊಳ್ಳುತ್ತಿದ್ದರು. ನಾಲ್ಕನೆಯ ದಿನ ಗುರುತು ಹಿಡಿದರು. ಆದರೆ ಮೊದಲಿನಂತೆ ಆಗಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದಾಗ ಹಳೆ ವಿದ್ಯಾರ್ಥಿಯೊಬ್ಬನ ಫೋನು ಬಂತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಮ್ಮನ ವಿಷಯ ಕೇಳಲು ಮಾಡಿದ್ದ. ಮಾತಿನ ನಡುವೆ ಸ್ಕ್ಯಾನರಿನ ವಿಷಯ ಬಂತು. "ಟೀಚರ್, ಲಿನಕ್ಸ್ ನೋಡೋಣ. ಅದರಲ್ಲಿ ಸೇನ್ ಅಂತ ಇದೆ, ಹಳೆ ಸ್ಕ್ಯಾನರುಗಳಿಗೆ ಜನರೇ ಬರೆದದ್ದು" ಎಂದ. ನಾವು ಸಾಗರಕ್ಕೆ ಬಂದ ಮೇಲೆ ರಾತ್ರಿ ಒಂಬತ್ತರ ನಂತರ ಫೋನಿನಲ್ಲಿ ಕೂರುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ.

ವಿಂಡೋಸಿನ ಬದಲು ಲಿನಕ್ಸನ್ನು ಪೆನ್ ಡ್ರೈವಿನಿಂದಲೇ ಶುರು ಮಾಡಿಸಿದ. ಕಪ್ಪು ಪರದೆಯಲ್ಲಿ ಅವನು ಹೇಳಿದ ಸಾಲು ಟೈಪ್ ಮಾಡಿದೆ. ಸ್ಕ್ಯಾನರ್ ಇದೆ ಎಂದು ಬಂತು. ಸ್ಕ್ಯಾನ್ ಮಾಡು ಎಂದರೆ ಮಾತ್ರ ದೀಪ ಹತ್ತದು. ಕೆಲವು ಸ್ಕ್ಯಾನರುಗಳ ಒಳಗೆ ಅವುಗಳ ಪ್ರೋಗ್ರಾಮು ಇರುವುದಿಲ್ಲ, ಆನ್ ಮಾಡಿದಾಗಲೆಲ್ಲ ಕಂಪ್ಯೂಟರೇ ಅದನ್ನು ಕಳಿಸಬೇಕು, ನಿಮ್ಮದೂ ಅಂಥದ್ದು ಎಂದ. ಆ ಫೈಲು ಹಳೆ ಸಿಡಿಯಲ್ಲೇ ಇತ್ತು. ಹುಡುಕಿ ತೆಗೆದು ಅವನು ಹೇಳಿದ ಜಾಗದಲ್ಲಿಟ್ಟೆ. ಅದರ ಹೆಸರನ್ನು ಇನ್ನೊಂದು ಫೈಲಿನಲ್ಲಿ ಬರೆಯಬೇಕಿತ್ತು, ಬರೆದೆ. ಆಗಲಿಲ್ಲ.

ಎರಡು ರಾತ್ರಿ ಅಲ್ಲೇ ಕಳೆಯಿತು. ಮೂರನೆಯ ರಾತ್ರಿ, ಜುಲೈ 23, ನಾನು ಬರೆದದ್ದನ್ನು ಅಕ್ಷರ ಅಕ್ಷರ ಓದಿ ಹೇಳಲು ಹೇಳಿದ. ಓದಿದೆ. ಸಿಡಿಯಲ್ಲಿ ಆ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿತ್ತು. ನಾನು ಸಣ್ಣಕ್ಷರದಲ್ಲಿ ಬರೆದಿದ್ದೆ. ವಿಂಡೋಸಿಗೆ ಎರಡೂ ಒಂದೇ, ಲಿನಕ್ಸಿಗೆ ಬೇರೆ ಬೇರೆ. ತಿದ್ದಿದೆ. ಸ್ಕ್ಯಾನರಿನ ಪ್ಲಗ್ ತೆಗೆದು ಹಾಕಿದೆ. ಗಾಜಿನಡಿ ಮೊದಲು ನಸುಗೆಂಪು ಬೆಳಕು ಬಂತು. ನಿಧಾನಕ್ಕೆ ಬಿಳಿಯಾಯಿತು. ತಲೆ ತುದಿಯವರೆಗೆ ಹೋಗಿ ವಾಪಸ್ ಬಂತು. "ಟೀಚರ್, ಇದ್ದೀರಾ?" ಎಂದು ಅವನು ಎರಡು ಸಲ ಕೇಳಿದ. ಇದ್ದೇನೆ ಎಂದೆ. ಬೇರೆ ಮಾತು ಬರಲಿಲ್ಲ.

ಚಿತ್ರದಲ್ಲಿ ಮೇಲಿನಿಂದ ಕೆಳಗೆ ಗೆರೆಗಳು ಬಿದ್ದಿದ್ದವು. ಅಪ್ಪ ನೆಗೆಟಿವ್ ಇಡಲು ಕಪ್ಪು ರಟ್ಟಿನ ಚೌಕಟ್ಟು ಕತ್ತರಿಸಿ ಮಾಡಿದ್ದರು. ಅದರ ಮೇಲಂಚಿನ ಹತ್ತಿರ ಬೆರಳಗಲದ ಒಂದು ಕಿಂಡಿ ಇತ್ತು. ಹೊಸ ಲ್ಯಾಪ್‌ಟಾಪ್ ತಂದ ದಿನ, ಅದನ್ನು ಕೈತಪ್ಪಿ ಕತ್ತರಿಸಿದ್ದು ಎಂದುಕೊಂಡು ಟೇಪು ಅಂಟಿಸಿದ್ದೆ. ಸ್ಕ್ಯಾನ್ ಶುರುವಾಗುವ ಮೊದಲು ಸ್ಕ್ಯಾನರ್ ಬರಿಯ ಬೆಳಕನ್ನು ಅಳೆದುಕೊಳ್ಳುವುದು ಆ ಕಿಂಡಿಯಲ್ಲೇ. ಟೇಪು ಕಿತ್ತೆ. ಗೆರೆ ಹೋಯಿತು. ಅಪ್ಪ ಸ್ಕೇಲಿಟ್ಟು ಎಳೆದ ಪೆನ್ಸಿಲ್ ಗುರುತು ಕಿಂಡಿಯ ಅಂಚಿನಲ್ಲಿ ಇನ್ನೂ ಇತ್ತು.

2400 ಡಿಪಿಐನಲ್ಲಿ ಒಂದು ನೆಗೆಟಿವ್‌ಗೆ ಸುಮಾರು ನಾಲ್ಕು ನಿಮಿಷ. ಶಾಲೆಯಿಂದ ಬಂದ ಮೇಲೆ ದಿನಕ್ಕೆ ಹತ್ತು ಹದಿನೈದು ಮಾಡಿದೆ. ಉಳಿದಿದ್ದ 202ರಲ್ಲಿ ಒಂಬತ್ತು ಒಂದಕ್ಕೊಂದು ಅಂಟಿ ಮೇಲ್ಪದರ ಸುಕ್ಕಾಗಿತ್ತು. ಅವನ್ನು ಬಿಡಿಸಲು ಹೋಗಲಿಲ್ಲ. 193 ಆಯಿತು.

ಅಮ್ಮನ ಹಾಸಿಗೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ. ಬೆಳಗ್ಗೆ ಏಳರಿಂದ ಎಂಟರೊಳಗೆ ಮಾತ್ರ ಆಗುತ್ತಿತ್ತು. ಕೆಲವು ದಿನ ಒಂದೂ ಹೇಳುತ್ತಿರಲಿಲ್ಲ. ಕೆಲವು ದಿನ ಹೆಸರಿನ ಬದಲು ಬೇರೆ ಏನೋ ಹೇಳುತ್ತಿದ್ದರು. ಒಂದು ಫೋಟೋದಲ್ಲಿ ಜಗಲಿಯ ಮೇಲೆ ಆರು ಜನ ನಿಂತಿದ್ದರು. ಅಮ್ಮ ಅವರನ್ನು ನೋಡಲಿಲ್ಲ. ಪಕ್ಕದ ಬೇಲಿಯಲ್ಲಿ, ಅಡಿಕೆ ದಬ್ಬೆಗಳನ್ನು ಅಡ್ಡ ಸರಿಸಿ ಮುಚ್ಚುವ ದಣಪೆಯ ಮೇಲೆ ಬೆರಳಿಟ್ಟು, "ಇದನ್ನು ಹಾಕಿಲ್ಲ, ದನ ನುಗ್ಗುತ್ತದೆ" ಎಂದರು. ಅದು ಯಾರ ಮನೆ ಎಂದು ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳಲಿಲ್ಲ.

ಅವರ ತವರುಮನೆಯ ಫೋಟೋ ಸಿಕ್ಕಿತು. ಅದನ್ನು ಗುರುತಿಸಿದರು. ಅಣ್ಣ, ಅತ್ತಿಗೆ, ಅಜ್ಜಿ ಎಂದು ಒಬ್ಬೊಬ್ಬರನ್ನೇ ಹೇಳಿದರು. ಬಾಗಿಲ ಹಿಂದೆ ಅರ್ಧ ಮುಖ ಕಾಣುತ್ತಿದ್ದ ಹುಡುಗಿಯನ್ನು ಬಿಟ್ಟರು. ಅದು ಅವರೇ ಇರಬಹುದು. ನನಗೆ ಖಚಿತವಿಲ್ಲ, ಹಾಗಾಗಿ ಬರೆದುಕೊಂಡಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ಪರದೆಯ ಕಡೆ ನೋಡುವುದನ್ನೇ ಬಿಟ್ಟರು. ಅಷ್ಟರಲ್ಲಿ ಈ 193ರಲ್ಲಿ 31 ಫೋಟೋಗಳಿಗೆ ಹೆಸರು ಸಿಕ್ಕಿತ್ತು. ಉಳಿದ 162ಕ್ಕೆ ನೋಟ್‌ಬುಕ್ಕಿನಲ್ಲಿ ನಂಬರ್ ಇದೆ, ಮುಂದಿನ ಸಾಲು ಖಾಲಿ ಇದೆ. ಮುಳುಗಡೆಯಾದಾಗ ಶಿವಮೊಗ್ಗದ ಕಡೆಗೆ ಹೋದ ಒಂದು ಕುಟುಂಬದ ಅಜ್ಜರೊಬ್ಬರಿಗೆ ಈಗ 88. ನೋಡುತ್ತೇನೆ ಎಂದಿದ್ದಾರೆ. ಅವರಿಗೆ ಮೊಬೈಲಿನಲ್ಲಿ ಮುಖ ಕಾಣುವುದಿಲ್ಲವಂತೆ. ದೊಡ್ಡದಾಗಿ ಪ್ರಿಂಟು ಹಾಕಿಸಿ, ನೋಟ್‌ಬುಕ್ ಮತ್ತು ಪೆನ್ಸಿಲ್ ಹಿಡಿದು ಬರುವ ಭಾನುವಾರ ಮೊದಲ ಬಸ್ಸಿಗೆ ಹೋಗುತ್ತಿದ್ದೇನೆ.