ತಟ್ಟೆ ಮಗುಚುವ ಹೊತ್ತು

ಸಿ.ಡಿ. ಕೈಸೇರಿದ ಮಾರನೇ ದಿನವೇ ಕುಣಿಗಲ್‌ನಿಂದ ಸೋದರಮಾವ ಫೋನ್ ಮಾಡಿದರು. ಚೆನ್ನಾಗಿದೆ ಅನ್ನುತ್ತಾರೆ ಎಂದುಕೊಂಡು ಎತ್ತಿದರೆ, "ಏನಪ್ಪಾ ಇದು, ಒಂದು ಹಾಡು ಮುಗಿದು ಇನ್ನೂ ಕಿವಿಯಲ್ಲೇ ಇರುತ್ತೆ, ಅಷ್ಟರಲ್ಲಿ ಇನ್ನೊಂದು ಬಂದು ಮೇಲೆ ಬೀಳುತ್ತಲ್ಲೋ! ಉಸಿರಾಡೋಕೇ ಬಿಡಲ್ವಲ್ಲ" ಎಂದರು.

ಎರಡು ತಿಂಗಳ ಕೆಲಸ ಅದು. ಅಪ್ಪ ಬಿಟ್ಟುಹೋದ ಗ್ರಾಮಫೋನ್ ತಟ್ಟೆಗಳನ್ನೆಲ್ಲ ತುಮಕೂರಿನ ಮನೆಯ ನಡುಮನೆಯಲ್ಲಿ ಹರಡಿಕೊಂಡು, ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ್ದೆ. ಈಗ ಸಿ.ಡಿ. ಯಾರು ಕೇಳುತ್ತಾರೆ ಎಂದು ಮನೆಯ ಮಕ್ಕಳು ಕೇಳಿದರು. ಮಾವನ ಕಾರು ಕೇಳುತ್ತದೆ. ಅದರಲ್ಲಿ ಸಿ.ಡಿ. ಹಾಕುವ ಜಾಗ ಇದೆ ಎನ್ನುವ ಒಂದೇ ಕಾರಣಕ್ಕೆ ಅವರು ಆ ಕಾರು ಮಾರಿಲ್ಲ.

ವಿನೈಲ್‌ನ ಎಲ್‌ಪಿಗಳು ಸುಲಭ. ಒಂದು ಮಗ್ಗುಲಿಗೆ ಸುಮಾರು 20 ನಿಮಿಷ, ತೇವದ ಬಟ್ಟೆಯಲ್ಲಿ ಒರೆಸಿ ಇಟ್ಟರೆ ತಮ್ಮಷ್ಟಕ್ಕೆ ತಾವು ಹಾಡಿಕೊಳ್ಳುತ್ತವೆ. ಕಷ್ಟ ಕೊಟ್ಟದ್ದು ನಾಯಿ ಮಾರ್ಕಿನ 78 ಸುತ್ತಿನ ತಟ್ಟೆಗಳು. ಅವು ಅರಗಿನವು. ಅಂಟಿದ ಜಿಡ್ಡು ಹೋಗಲಿ ಎಂದು ಸ್ಪಿರಿಟ್ ತಂದಿಟ್ಟುಕೊಂಡಿದ್ದೆ. ಬಾಗಿಲಿಗೆ ಪಾಲಿಷ್ ಹಾಕಲು ಬಂದಿದ್ದಾತ ನೋಡಿ ಕೈ ಹಿಡಿದುಕೊಂಡ: "ಸಾರ್, ನಾವು ಪಾಲಿಷ್‌ಗೆ ಅರಗು ಕರಗಿಸೋದೇ ಸ್ಪಿರಿಟ್‌ನಲ್ಲಿ. ಹಾಡೆಲ್ಲ ಬಟ್ಟೆಗೆ ಬಂದುಬಿಡುತ್ತೆ." ಅವನು ಆ ದಿನ ಬರದೇ ಇದ್ದಿದ್ದರೆ ಪಿ. ಕಾಳಿಂಗರಾಯರ ‘ಮೂಡಲ್ ಕುಣಿಗಲ್ ಕೆರೆ’ ನಮ್ಮ ಮನೆಯ ಪಾಲಿಗೆ ಅಲ್ಲಿಗೇ ಮುಗಿಯುತ್ತಿತ್ತು. ಅಮ್ಮನ ತವರು ಕುಣಿಗಲ್. ಆ ತಟ್ಟೆಯನ್ನು ಅಪ್ಪ ಅವಳಿಗಾಗಿಯೇ ತಂದಿದ್ದರಂತೆ. ಹೊಳೆಯುವ ಕಪ್ಪಾಗಿರಬೇಕಾದ ಅದರ ಗೆರೆಗಳು ಸವೆದು ಬೂದಿ ಬಣ್ಣಕ್ಕೆ ತಿರುಗಿದ್ದವು. ಮೊಂಡು ಮುಳ್ಳು ಉಜ್ಜಿದ ತಟ್ಟೆಗಳಿಗೆ ಆಗುವುದೇ ಹಾಗೆ. ಒಂದು ಮಗ್ಗುಲಿಗೆ ಒಂದು ಮುಳ್ಳು ಎಂದು ನೇಮ ಹಿಡಿದಿದ್ದ ಅಪ್ಪನ ಮನೆಯಲ್ಲಿ ಇದು ಹೇಗಾಯಿತು ಎಂದು ಬೆರಗಾದೆ. ಬೇರೆ ತಟ್ಟೆ ಕಾದಿತ್ತು, ಮುಂದಕ್ಕೆ ಹೋದೆ.

ಮಾವನ ದೂರಿಗೆ ಕಾರಣ ಆಮೇಲೆ ತಿಳಿಯಿತು. ಸಿ.ಡಿ. ಬರೆಯುವ ತಂತ್ರಾಂಶ ತಾನಾಗಿಯೇ ಹಾಡು ಹಾಡಿನ ನಡುವೆ 2 ಸೆಕೆಂಡು ಬಿಡುತ್ತದೆ. ನಾನು ಅದನ್ನು ಹಾಗೇ ಒಪ್ಪಿಕೊಂಡಿದ್ದೆ. 80 ನಿಮಿಷದ ಸಿ.ಡಿ.ಗೆ ಮೂರು ಚಿಲ್ಲರೆ ನಿಮಿಷದ 24 ಹಾಡು ತುಂಬಿಸಿದೆ ಎಂಬ ಹೆಮ್ಮೆ ಬೇರೆ.

ಆದರೆ ನಮ್ಮ ಮನೆಯಲ್ಲಿ ಎರಡು ಹಾಡಿನ ನಡುವೆ ಯಾವತ್ತೂ 2 ಸೆಕೆಂಡು ಇರಲಿಲ್ಲ. ಹಾಡು ಮುಗಿದು ಮುಳ್ಳು ಒಳಗಿನ ಬರಿಗೆರೆಯಲ್ಲಿ ಸರ್ ಸರ್ ಎನ್ನುತ್ತಿದ್ದಂತೆ ಯಾರಾದರೂ ಏಳಬೇಕು. ಮುಳ್ಳು ಹಿಡಿದ ಸೌಂಡ್ ಬಾಕ್ಸ್ ಎತ್ತಬೇಕು, ದೋಸೆ ಮಗುಚಿದ ಹಾಗೆ ತಟ್ಟೆ ಮಗುಚಬೇಕು, ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು, ಹಳೇ ಮುಳ್ಳು ತೆಗೆದು ತಗಡಿನ ಡಬ್ಬಿಯಿಂದ ಹೊಸದು ಸಿಕ್ಕಿಸಿ ತಿರುಪು ಬಿಗಿಯಬೇಕು, ಕೀ ಕೊಡಬೇಕು. ಈ ಕೆಲಸಗಳೆಲ್ಲ ಮಾವನವು. ಕಾಲೇಜು ಓದಲು ಅಕ್ಕನ ಮನೆಗೆ ಬಂದು ಇದ್ದ ಹುಡುಗ ಅವರು. ನಾನು 2 ಸೆಕೆಂಡಿಗೆ ಇಳಿಸಿದ್ದು ಅವರ ಉದ್ಯೋಗವನ್ನು.

ಮಾವ ಕೀ ತಿರುಗಿಸುತ್ತಿದ್ದಾಗ ಮಾತಾಡುತ್ತಿದ್ದವರು ಅಪ್ಪ. ಮಿಕ್ಕ ಹೊತ್ತಿನಲ್ಲಿ ಅವರದು ಮಾತೇ ಕಡಿಮೆ. ಬಿಡುವಿನ ಹೊತ್ತನ್ನು ತುಂಬುವುದು ಅವರಿಗೆ ಊರಿನಿಂದ ಬಂದ ವಿದ್ಯೆ, ಏಕೆಂದರೆ ಅವರು ಗುಬ್ಬಿಯವರು. 1884ರಲ್ಲಿ ಆ ಪುಟ್ಟ ಊರಿನಲ್ಲಿ ಚನ್ನಬಸವೇಶ್ವರ ಸ್ವಾಮಿಯ ಹೆಸರಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ನಾಡಿಗೆಲ್ಲ ಗುಬ್ಬಿ ಕಂಪನಿಯಾಯಿತು. ಹುಡುಗನಾಗಿದ್ದಾಗಲೇ ಅದರೊಳಗೆ ಹೊಕ್ಕ ವೀರಣ್ಣನವರು (1891–1972) ಅದರ ಮಾಲೀಕರಾದರು. ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ಅಂಥ ನಾಟಕಗಳಲ್ಲಿ ಅರಮನೆ ಕಳಚಿ ಕಾಡು ನಿಲ್ಲಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಸಾವಿರ ಜನ ಕತ್ತಲಲ್ಲಿ ಸುಮ್ಮನೆ ಕೂರುತ್ತಾರೆಯೇ? ಮುಂದೆ ರಸ್ತೆಯ ಪರದೆ ಇಳಿಬಿಟ್ಟು ಅದರೆದುರು ಹಾಸ್ಯ ನಡೆಸುವುದು ಕಂಪನಿ ನಾಟಕದ ಪದ್ಧತಿ. ಪರದೆಯ ಹಿಂದೆ ಬಡಗಿಗಳು, ಮುಂದೆ ಹಾಸ್ಯಗಾರ. "ಮೊಳೆ ಹೊಡೆಯೋ ಸದ್ದು ಜನಕ್ಕೆ ಕೇಳಿಸಬಾರದು ಅಂದ್ರೆ ನಗು ಅದಕ್ಕಿಂತ ಜೋರಾಗಿರಬೇಕು" ಎನ್ನುತ್ತಿದ್ದರು ಅಪ್ಪ.

ಇದನ್ನು ನಾನು ಚಿಕ್ಕ ಮಾತು ಎಂದುಕೊಳ್ಳುವುದಿಲ್ಲ. ವೀರಣ್ಣನವರು ಮನೆಮಾತಾದದ್ದು ರಾಜನ ವೇಷದಿಂದಲ್ಲ, ಹಾಸ್ಯದಿಂದ. ‘ಸದಾರಮೆ’ಯ ಕಳ್ಳನನ್ನು ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಹೋದದ್ದನ್ನು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಅದೇ ಕಂಪನಿಯಲ್ಲಿ ಪಳಗಿದವರು ರಾಜ್‌ಕುಮಾರ್. ಮನೆ ಬಿಟ್ಟು ಓಡಿಬಂದು ಅಲ್ಲೇ ಸೇರಿಕೊಂಡವರು ಬಿ.ವಿ. ಕಾರಂತರು. ಆ ರಂಗದ ಮೇಲೆ ಹೊತ್ತಿಗೆ ಲೆಕ್ಕವೇ ಇರಲಿಲ್ಲ. ಜನ ವನ್ಸ್ ಮೋರ್ ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಕೂತು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕು. ಅಂಥ ರಂಗದಿಂದ ಬಂದ ಗಾಯಕ ಗ್ರಾಮಫೋನ್ ಕಂಪನಿಗೆ ಕಾಲಿಟ್ಟರೆ ಅಲ್ಲಿ ಸಿಗುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. 10 ಅಂಗುಲದ ತಟ್ಟೆ ಹಿಡಿಯುವುದೇ ಅಷ್ಟು. ಆಲಾಪನೆ ಕತ್ತರಿಸಿ, ಚರಣ ಬಿಟ್ಟು, ದೀಪ ಆರುವುದರೊಳಗೆ ಉಣ್ಣುವವರ ಹಾಗೆ ಹಾಡಿದ್ದಾರೆ. ಹಳೇ ನಾಟಕದ ತಟ್ಟೆಗಳಲ್ಲಿ ಆ ಆತುರ ಈಗಲೂ ಕೇಳಿಸುತ್ತದೆ. ಅಲ್ಲಿ ಬಿಟ್ಟುಹೋದದ್ದನ್ನೆಲ್ಲ ತಟ್ಟೆ ಮಗುಚುವ ಹೊತ್ತಿನಲ್ಲಿ ಅಪ್ಪ ತುಂಬುತ್ತಿದ್ದರು: ಈ ಹಾಡು ಯಾವ ದೃಶ್ಯದ್ದು, ಹಾಡುವಾಗ ಯಾರು ಎಲ್ಲಿ ನಿಂತಿರುತ್ತಿದ್ದರು, ಹಾರ್ಮೋನಿಯಂನವರು ಯಾವಾಗ ತಲೆದೂಗುತ್ತಿದ್ದರು. ನಾಟಕ ನೋಡದ ನನಗೆ ನಾಟಕ ಸಿಕ್ಕಿದ್ದು ಆ ಬಿಡುವಿನಲ್ಲಿ.

ಅದು ಯಾವ ತಟ್ಟೆಯಲ್ಲೂ ಇಲ್ಲ. ಮುಳ್ಳು ಗೆರೆಯಲ್ಲಿ ನಡುಗಿದ್ದು ವಿದ್ಯುತ್ತಾಗಿ ವೈರಿನಲ್ಲಿ ಹರಿದು ಕಂಪ್ಯೂಟರಿಗೆ ಹೋಗುತ್ತದೆ. ತಟ್ಟೆಯ ಪಕ್ಕದಲ್ಲೇ ಕೂತು ಅಮ್ಮ ಕೆಮ್ಮಿದರೂ, ಸೊಪ್ಪಿನವಳನ್ನು ಕೂಗಿದರೂ ಅದರೊಳಗೆ ಬರುವುದಿಲ್ಲ. ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶಕ್ಕೆ ಖಾಲಿ ಗೆರೆಯ ಒಂದೆರಡು ಸೆಕೆಂಡು ತೋರಿಸಿದರೆ ಅದನ್ನೇ ಗದ್ದಲ ಎಂದು ಗುರುತು ಹಿಡಿದು ಇಡೀ ಹಾಡಿನಿಂದ ಕಳೆದುಬಿಡುತ್ತದೆ. ಆ ಕೆಲಸ ಬಹಳ ಚೊಕ್ಕ. ನನಗೆ ಬೇಕಾದದ್ದು ಹಾಡಿನ ಆಚೆಗಿತ್ತು.

ಅಟ್ಟದಿಂದ ಹಳೇ ಗ್ರಾಮಫೋನ್ ಪೆಟ್ಟಿಗೆ ಇಳಿಸಿದೆ. ಸ್ಪ್ರಿಂಗು ಹೋಗಿದೆ, ಹಿಡಿ ಮಾತ್ರ ತಿರುಗುತ್ತದೆ. ಎತ್ತಿ, ಮಗುಚಿ, ಒರೆಸಿ, ಮುಳ್ಳು ಬದಲಿಸಿ, ಕೀ ಕೊಟ್ಟು, ಮೊಬೈಲಿನಲ್ಲಿ ನೋಡಿಕೊಂಡೆ. ಮುಕ್ಕಾಲು ನಿಮಿಷ. ಮೂರು ಸಲ ಮಾಡಿದರೂ ಅಷ್ಟೇ. ಹೊಸ ಸಿ.ಡಿ. ಬರೆದೆ. 24 ಇದ್ದ ಜಾಗದಲ್ಲಿ 20 ಹಾಡು ಹಿಡಿಸಿತು, ಹಾಡು ಹಾಡಿಗೂ 45 ಸೆಕೆಂಡು ಬಿಡುವು.

ಹೋದ ತಿಂಗಳು ಅಮ್ಮನನ್ನು ಕರೆದೊಯ್ಯಲು ಮಾವ ಬಂದಾಗ ನಾನೂ ಹೊರಟೆ. ತುಮಕೂರು ಬಿಡುವಾಗಲೇ ಹೊಸ ಸಿ.ಡಿ. ಹಾಕಿದ್ದು. ಹೆಬ್ಬೂರು ದಾಟುವ ಹೊತ್ತಿಗೆ ಕಾಳಿಂಗರಾಯರು, ಮೋಹನಕುಮಾರಿ, ಸೋಹನಕುಮಾರಿಯರ ದನಿಯಲ್ಲಿ ಕುಣಿಗಲ್ ಕೆರೆ ಬಂದು ಮುಗಿಯಿತು. ಆ ಬೂದಿ ತಟ್ಟೆಯ ಕರಕರ ಪೂರ್ತಿ ಹೋಗಿರಲಿಲ್ಲ. ಕಾರಿನೊಳಗೆ ಸದ್ದಿಲ್ಲ. ಮಾವನ ಬಲಗೈ ಸ್ಟಿಯರಿಂಗ್ ಮೇಲೆ ಸುಮ್ಮನೆ ಎರಡು ಸುತ್ತು ಆಡಿತು.

ಕಿಟಕಿಯಾಚೆ ನೋಡುತ್ತಲೇ ಅಮ್ಮ ಅಂದಳು: "ಮುಳ್ಳು ತರೋಕೆ ಕೊಟ್ಟಿದ್ದ ದುಡ್ಡಲ್ಲಿ ನೀನು ನಾಟಕಕ್ಕೆ ಹೋಗ್ತಿದ್ದೆ ಅಂತ ಅವರಿಗೆ ಗೊತ್ತಿತ್ತು ಕಣೋ."

ಮುಂದಿನ ಹಾಡು ಶುರುವಾಯಿತು. ಮಾವ ಕೈ ಚಾಚಿ ಅದನ್ನು ನಿಲ್ಲಿಸಿದರು.

"ಹೇಳಕ್ಕ" ಎಂದರು.