ಅಪ್ಪ ಹೊತ್ತ ಖಡಿ ಬುಟ್ಟಿ

ನಮ್ಮಪ್ಪನಿಗೆ ಇದ್ದ ಹೊಲ ತುಸು, ಗೆಳೆಯರು ಮಸ್ತು. ಹೊಲ ಚಿಮ್ಮಡದಲ್ಲಿ, ಗೆಳೆಯರು ಮಹಾಲಿಂಗಪುರದಿಂದ ಹಿಡಿದು ಕೃಷ್ಣಾ ಹೊಳೆಯ ದಂಡೆತನಕ. ಈ ಗೆಳೆತನಕ್ಕೆಲ್ಲ ಅವನ ಕಸುಬೇ ಕಾರಣ. ಅವ ಗಾಣದಲ್ಲಿ ಬೆಲ್ಲದ ಪಾಕ ನೋಡುವವ. ಕಬ್ಬು ಯಾರದೋ, ಗಾಣ ಯಾರದೋ, ಕೊಪ್ಪರಿಗೆಯ ಮುಂದೆ ನಿಲ್ಲುವವ ಮಾತ್ರ ಅವನೇ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅವನ ಬಟ್ಟೆಗಳಷ್ಟೇ ಮನೆಗೆ ಬರುತ್ತಿದ್ದವು, ಒಗೆಯಲಿಕ್ಕೆ. ಊರ ಪ್ರಭುಲಿಂಗೇಶ್ವರನ ಕಿಚಡಿ ಜಾತ್ರೆಗೆ ಮಾತ್ರ ಎಲ್ಲಿದ್ದರೂ ಬರುತ್ತಿದ್ದ. ಅಲ್ಲಿಯೂ ಅಡುಗೆಯ ದೊಡ್ಡ ಪಾತ್ರೆಗಳ ಹತ್ತಿರವೇ ಅವನ ಠಿಕಾಣಿ. ಉರಿ ಕಂಡರೆ ಬಿಡುವ ಆಸಾಮಿಯಲ್ಲ.

ಪಾಕ ನೋಡುವುದೆಂದರೆ ಕಣ್ಣಿನ ಕೆಲಸ, ಕೈಯದು ಆಮೇಲೆ. ಕಬ್ಬಿನ ಹಾಲು ಕಾದಂತೆ ಮೇಲೆ ಹೊಲಸು ನೊರೆ ಏಳುತ್ತದೆ. ತುಸು ಸುಣ್ಣದ ತಿಳಿ, ಜಜ್ಜಿದ ಬೆಂಡಿ ಗಿಡದ ಲೋಳೆ ಹಾಕಿದರೆ ಆ ಹೊಲಸೆಲ್ಲ ಒಂದಕ್ಕೊಂದು ಅಂಟಿ ಮೇಲೆ ಬರುತ್ತದೆ. ಜಾಲರಿಯಿಂದ ಅದನ್ನು ತೆಗೆತೆಗೆದು ಚೆಲ್ಲಬೇಕು. ಆಮೇಲೆ ನೊರೆಯ ಬಣ್ಣ ತಿರುಗುತ್ತದೆ, ಗುಳ್ಳೆ ದೊಡ್ಡವಾಗಿ ಟಪ್ ಟಪ್ ಒಡೆಯತೊಡಗುತ್ತವೆ. ಆಗ ಅಪ್ಪ ಕೈಯನ್ನು ತಣ್ಣೀರಲ್ಲಿ ಅದ್ದಿ, ಸೌಟಿನ ತುದಿಯ ಪಾಕವನ್ನು ಬೆರಳಲ್ಲಿ ಹಿಡಿದು, ಮತ್ತೆ ನೀರಿಗೆ ಬಿಟ್ಟು ಉಂಡೆ ಕಟ್ಟುತ್ತಿದ್ದ. ಉಂಡೆ ನಿಂತರೆ ಒಂದೇ ಮಾತು: ‘ಇಳಸ್ರಿ!’ ಆ ಮಾತು ತುಸು ತಡವಾದರೆ ಬೆಲ್ಲ ಸೀಯುತ್ತದೆ, ತುಸು ಮೊದಲಾದರೆ ಪೆಂಟಿ, ಅಂದರೆ ಬೆಲ್ಲದ ಅಚ್ಚು, ನಿಲ್ಲುವುದಿಲ್ಲ. ಅಪ್ಪನ ಬಲಗೈಯ ಎರಡು ಬೆರಳಿನ ತುದಿಗೆ ಬಿಸಿ ತಣ್ಣನೆ ಯಾವುದೂ ಗೊತ್ತಾಗುತ್ತಿರಲಿಲ್ಲ. ನನ್ನ ಕೆನ್ನೆ ಹಿಂಡುವಾಗ ಆ ಬೆರಳು ಗರಗರ ಅನ್ನುತ್ತಿದ್ದವು.

ಹೊಳೆ ದಂಡೆಯ ಊರೊಂದರಲ್ಲಿ ಅವನ ಜೀವದ ಗೆಳೆಯನಿದ್ದ. ನಾವು ಮಕ್ಕಳು ಅವನನ್ನು ಹೊಳಿ ಕಾಕಾ ಅನ್ನುತ್ತಿದ್ದೆವು. ಹೊಳಿ ಕಾಕಾನದು ಹೆಸರಿಗೆ ಹೊಳೆ ದಂಡೆಯ ಹೊಲ. ಮಳೆಗಾಲದಲ್ಲಿ ಕೃಷ್ಣೆ ಮಹಾರಾಷ್ಟ್ರದಿಂದ ಉಕ್ಕಿ ಬಂದು ದಂಡೆ ತಿನ್ನುತ್ತಿದ್ದಳು, ಬ್ಯಾಸಗಿಯಲ್ಲಿ ಅದೇ ಪಾತ್ರದಲ್ಲಿ ಉಸುಕು ಸುಡುತ್ತಿತ್ತು. ಪಂಪ್‌ಸೆಟ್ಟಿನ ಪೈಪು ನೀರು ಹುಡುಕುತ್ತ ದಿನಕ್ಕಿಷ್ಟು ಕೆಳಗಿಳಿಯುತ್ತಿತ್ತು. ಎದೆಮಟ್ಟ ಬೆಳೆದ ಕಬ್ಬು ಕಣ್ಣೆದುರೇ ಒಣಗುವುದು. ಹರಿದುಹೋಗುವ ನೀರನ್ನು ತಡೆದು ನಿಲ್ಲಿಸಿರೆಂದು ಸರಕಾರಕ್ಕೆ ಕೇಳಿ ಕೇಳಿ ರೈತರ ಬಾಯಿಯೂ ಒಣಗಿತ್ತು.

ಆಗ ಎದ್ದವರು ಸಿದ್ದು ನ್ಯಾಮಗೌಡರು. ಸರಕಾರ ಕಟ್ಟದಿದ್ದರೆ ನಾವೇ ಕಟ್ಟೋಣ ಎಂದು ದಂಡೆಯ ರೈತರನ್ನು ಒಟ್ಟುಹಾಕಿ, ವಂತಿಗೆ ಎತ್ತಿ, ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಅಡ್ಡ ಬ್ಯಾರೇಜಿಗೆ ಕೈಹಾಕಿದರು. ರೊಕ್ಕ ಇದ್ದವರು ರೊಕ್ಕ, ಇಲ್ಲದವರು ರಟ್ಟೆ. ಆಗ ನಮ್ಮದು ಜಮಖಂಡಿ ತಾಲ್ಲೂಕು, ವಿಜಾಪುರ ಜಿಲ್ಲೆ. ನಾನು ಐದನೇ ಇಯತ್ತೆಯಲ್ಲಿದ್ದೆ.

ಹೊಳಿ ಕಾಕಾ ಒಂದು ಸಂಜೆ ಸೈಕಲ್ ಮೇಲೆ ಬಂದ. ಚಹಾ ಕುಡಿದ, ಹೋದ. ಮರುದಿನ ನಸುಕಿನಲ್ಲಿ ಅಪ್ಪ ಹೆಗಲಿಗೆ ಟವಲ್ ಹಾಕಿ ನಿಂತದ್ದು ಕಂಡು ಅವ್ವ ಕೇಳಿದಳು:

‘ನಮ್ಮ ಹೊಲಕ್ಕ ಒಂದ್ ತಂಬಗಿ ನೀರ ಬರೂದಿಲ್ಲ. ನೀವ್ಯಾಕ ಹೊಂಟೀರಿ?’

‘ಅವರ ಕಬ್ಬ ಒಣಗಿದ್ರ ನಾ ಏನ್ ಕಾಸ್ಲಿ?’

‘ಕಬ್ಬ ಬೆಳಿಯಾವ್ರು ಅವನೊಬ್ಬನ ಅದಾನೇನು?’

ಅಪ್ಪನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಚಪ್ಪಲಿ ಮೆಟ್ಟುತ್ತ ಅಂದ: ‘ಅಂವ ಕರದಾನ.’

ಅವ್ವ ಬೈಯುತ್ತಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕಟ್ಟಿಕೊಟ್ಟಳು. ಗಾಣದ ಕೆಲಸ ಇಲ್ಲದ ದಿನಗಳನ್ನೆಲ್ಲ ಅಪ್ಪ ಹೊಳೆಗೆ ಕೊಟ್ಟ.

ನನ್ನನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದ. ಹೊಳೆಯ ನಡುವೆ ಮಂದಿ ಸಾಲುಗಟ್ಟಿ ನಿಂತಿದ್ದರು. ಖಡಿ, ಉಸುಕು, ಸಿಮೆಂಟು ಕಲಸಿದ ಬುಟ್ಟಿ ಕೈಯಿಂದ ಕೈಗೆ ಓಡುತ್ತಿತ್ತು. ಎತ್ತರದ ದನಿಯಲ್ಲಿ ಒಬ್ಬ ಪದ ಎತ್ತುತ್ತಿದ್ದ, ಉಳಿದವರು ಸೊಲ್ಲು ಕೂಡಿಸುತ್ತಿದ್ದರು. ಅಪ್ಪ, ಹೊಳಿ ಕಾಕಾ ಅಕ್ಕಪಕ್ಕ. ಬುಟ್ಟಿ ಕೊಡುವಾಗೊಮ್ಮೆ ಒಬ್ಬರಿಗೊಬ್ಬರು ಏನೋ ಬೈದು ನಗುತ್ತಿದ್ದರು, ಆ ಬೈಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಮನೆಯಲ್ಲಿ ಮಾತೇ ಆಡದ ನಮ್ಮಪ್ಪ ಇವನೇನಾ ಎಂದು ನನಗೆ ಅಚ್ಚರಿ.

1989ರಲ್ಲಿ ಒಡ್ಡು ನಿಂತಿತು. ದೇಶದಲ್ಲಿ ರೈತರೇ ಕಟ್ಟಿದ ಮೊದಲ ಬ್ಯಾರೇಜೆಂದು ಹೆಸರಾಯಿತು. ಅದನ್ನು ಶ್ರಮಬಿಂದು ಸಾಗರ ಎಂದು ಕರೆದರು. ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು; 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಕೇಂದ್ರದಲ್ಲಿ ಮಂತ್ರಿಯೂ ಆದರು. ಗೆಲುವಿನ ಸುದ್ದಿ ಬಂದ ದಿನ ಅಪ್ಪ ಊರ ಕಟ್ಟೆಯ ಮೇಲೆ ತಾನೇ ಗೆದ್ದವನಂತೆ ಕೂತಿದ್ದ.

ನೀರು ನಿಂತಿತು, ಕಬ್ಬು ಹಬ್ಬಿತು. ಮುಂದಿನದು ಅಪ್ಪ ಲೆಕ್ಕ ಹಾಕಿರದ ಮಾತು. ಕಬ್ಬು ಹಬ್ಬಿದಲ್ಲಿಗೆ ಸಕ್ಕರೆ ಕಾರ್ಖಾನೆಗಳು ಬಂದವು. ಟ್ರಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ ಕಬ್ಬು ಸಾಗತೊಡಗಿತು. ರಾತ್ರಿಯಿಡೀ ಉರಿಯ ಮುಂದೆ ಕೂರುವ ಆಳು ಸಿಗಲಿಲ್ಲ. ಗಾಣಗಳು ಒಂದೊಂದಾಗಿ ನಿಂತವು. ಉಳಿದವುಗಳಲ್ಲಿ ಹೈಡ್ರೋಸ್ ಪುಡಿ ಬಂತು. ಅದನ್ನು ಹಾಕಿದರೆ ಬೆಲ್ಲ ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಪೇಟೆಯಲ್ಲಿ ಎರಡು ರೂಪಾಯಿ ಜಾಸ್ತಿ ಸಿಗುತ್ತಿತ್ತು. ಅಪ್ಪ ಅದನ್ನು ಮುಟ್ಟಲಿಲ್ಲ. ‘ಬಣ್ಣ ನೋಡಿ ತಿನ್ನಾಕ ಅದೇನ್ ಸೀರಿ ಏನ?’ ಅನ್ನುತ್ತಿದ್ದ. ಹೀಗೆ ಅನ್ನುತ್ತ ಅನ್ನುತ್ತ ಅವನನ್ನು ಕರೆಯುವವರು ಕಡಿಮೆಯಾದರು.

ನೀನು ಬುಟ್ಟಿ ಹೊತ್ತು ಕಟ್ಟಿದ ಒಡ್ಡೇ ನಿನ್ನ ಕಸುಬು ಮುಳುಗಿಸಿತಲ್ಲ ಎಂದು ಅಪ್ಪನನ್ನು ಒಮ್ಮೆ ಕೇಳಿದ್ದೆ. ‘ಹೊಳಿ ಕಾಕಾನ ಮಕ್ಕಳು ಸಾಲಿ ಕಲ್ತಾರಲ್ಲವ್ವಾ, ಸಾಕಲ್ಲ’ ಅಂದ. ಸಮಾಧಾನಕ್ಕೆ ಹೇಳಿದ್ದಲ್ಲ, ಅವನ ಲೆಕ್ಕ ನಿಜಕ್ಕೂ ಅಷ್ಟೇ ಇತ್ತು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಅತಿ ನೀರು ಕುಡಿದು ಸವಳಾದ ಹೊಲಗಳನ್ನು ಕಂಡಾಗ, ಆ ನೀರನ್ನು ಇನ್ನಷ್ಟು ಹಿಡಿತದಲ್ಲಿ ಬಳಸಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಹೊಳಿ ಕಾಕಾ ಕಾರ್ಖಾನೆಗೆ ಶೇರುದಾರನಾದ. ಆದರೂ ವರ್ಷಕ್ಕೊಂದು ಗಾಡಿ ಕಬ್ಬು ತೆಗೆದಿಟ್ಟು ಅಪ್ಪನನ್ನು ಕರೆಸಿ ಬೆಲ್ಲ ಮಾಡಿಸುತ್ತಿದ್ದ. ಆ ಬೆಲ್ಲ ಮಾರಾಟಕ್ಕಲ್ಲ, ಎರಡೂ ಮನೆಯ ಹೋಳಿಗೆಗೆ. ಅಪ್ಪ ತೀರಿದ ಮೇಲೆ ಆ ಗಾಡಿಯೂ ಕಾರ್ಖಾನೆಗೆ ಹೋಯಿತು. 2018ರ ಮೇ 28ರಂದು ನ್ಯಾಮಗೌಡರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ, ಅಪ್ಪ ಇದ್ದಿದ್ದರೆ ಆ ದಿನ ಉಣ್ಣುತ್ತಿರಲಿಲ್ಲ ಎಂದು ಅವ್ವ ಅಂದಳು.

ಮಹಾಲಿಂಗಪುರದ ಬೆಲ್ಲದ ಪೇಟೆ ಇನ್ನೂ ನಡೆಯುತ್ತಿದೆ. ಆ ಕಡೆ ಹೋದರೆ ಹಳದಿ ಪೆಂಟಿಗೆ ಮರುಳಾಗಬೇಡಿ. ಮೂಲೆಯಲ್ಲಿಟ್ಟ ಕಪ್ಪು ಪೆಂಟಿ ಕೇಳಿ ತಗೊಳ್ಳಿ.