ಮಿನುಗುತ್ತಿದ್ದ ಅಂಕಿ

ಬಂಟ್ವಾಳದ ಹಳಬರು ನೀರಿನ ಆಳವನ್ನು ಮೀಟರಿನಲ್ಲಿ ಹೇಳುವುದಿಲ್ಲ. 1974ರ ನೆರೆ ಎಷ್ಟಿತ್ತು ಎಂದು ಕೇಳಿದರೆ, ಮನೆಯ ಎಷ್ಟನೇ ಮೆಟ್ಟಿಲು ಮುಳುಗಿತು, ನೀರು ಗೋಡೆಯ ಎಲ್ಲಿಗೆ ಬಂತು ಎಂದು ಕೈ ಎತ್ತಿ ತೋರಿಸುತ್ತಾರೆ. ಬ್ಯಾಂಕಿನಲ್ಲಿ ಅಂಕಿಗಳನ್ನೇ ನಂಬಿ ಬದುಕಿದ ನನಗೆ ಈ ಲೆಕ್ಕ ಸ್ವಲ್ಪ ಸಡಿಲವೆನಿಸುತ್ತಿತ್ತು. ಕಳೆದ ಡಿಸೆಂಬರಿನವರೆಗೆ.

ಬೆಳ್ತಂಗಡಿಯಲ್ಲಿರುವ ನನ್ನ ತಂಗಿಯ ಮಗ ಗಲ್ಫಿನಿಂದ ಬಂದವನು ಆರು ಜನ ಕೂರುವ ಫೈಬರ್ ದೋಣಿ ಕೊಂಡಿದ್ದ. ಮಳೆಗಾಲ ಮುಗಿದು ತುಂಬೆಯ ಕಿಂಡಿ ಅಣೆಕಟ್ಟಿಗೆ ಬಾಗಿಲು ಹಾಕಿದ ಮೇಲೆ ನೇತ್ರಾವತಿ ಹಿಂದಕ್ಕೆ ತುಂಬಿ ಕೆರೆಯಂತೆ ನಿಲ್ಲುತ್ತದೆ. ಕ್ರಿಸ್‌ಮಸ್ ರಜೆಗೆ ಬಂದಿದ್ದ ಮೊಮ್ಮಕ್ಕಳಿಬ್ಬರಿಗೂ ಲೈಫ್ ಜಾಕೆಟ್ ತೊಡಿಸಿ ಹೊರಟೆವು. ಜೊತೆಗೆ ಒಂದು ಕಾಲದಲ್ಲಿ ಕಡವಿನ ದೋಣಿ ನಡೆಸುತ್ತಿದ್ದ ಹಿರಿಯರೊಬ್ಬರು. ಎಂಜಿನ್ ಇದ್ದರೂ ಹದಿನಾಲ್ಕು ಅಡಿಯ ಬಿದಿರಿನ ಜಲ್ಲೆ ಬಿಟ್ಟು ಅವರು ದೋಣಿ ಹತ್ತುವವರಲ್ಲ.

ದೋಣಿಯ ಮುಂದೆ ಆಳ ತೋರಿಸುವ ಪುಟ್ಟ ಪರದೆಯಿತ್ತು. ಪಾಣೆಮಂಗಳೂರಿನ ಹಳೆಯ ಸೇತುವೆ ದೂರದಲ್ಲಿ ಕಾಣುವಾಗ ಎಂಜಿನ್ ನಿಲ್ಲಿಸಿದೆವು. ಪರದೆಯಲ್ಲಿ 1.2 ಎಂದಿತ್ತು. ಹನ್ನೊಂದರ ಮೊಮ್ಮಗ, "ಅಜ್ಜ, ನನ್ನ ಎದೆಯವರೆಗೆ ಮಾತ್ರ. ಇಳಿಯಲಾ?" ಎಂದ. ಸೆಖೆ ಬೇರೆ. ಜಾಕೆಟ್ಟಿನ ಬಕಲ್ಲು ಆಗಲೇ ಬಿಚ್ಚಿದ್ದ. ನಾನೂ ಅಂಕಿ ನೋಡಿ "ಆಯ್ತು" ಎಂದುಬಿಟ್ಟೆ.

"ನಿಲ್ಲಿ ಬ್ಯಾಂಕಿನವರೇ" ಎಂದು ಹಿರಿಯರು ಜಲ್ಲೆ ಇಳಿಸಿದರು. ಅದು ಇಳಿಯುತ್ತಲೇ ಹೋಯಿತು. ಅವರ ಮೊಣಕೈ ನೀರಿಗೆ ತಾಗಿತು, ತಳ ಸಿಗಲಿಲ್ಲ. "ಹೊಯ್ಗೆ ತೆಗೆದ ಗುಂಡಿ" ಎಂದರು, ಅಷ್ಟೇ. ಹುಡುಗ ಮಾತಿಲ್ಲದೆ ಬಕಲ್ಲು ಹಾಕಿಕೊಂಡ. ನನ್ನ ಕೈ ನಡುಗುತ್ತಿತ್ತು. ಪರದೆಯನ್ನು ಮತ್ತೆ ನೋಡಿದವಳು ಮೊಮ್ಮಗಳು: "ಅಜ್ಜ, ಈ ನಂಬರು ಮಿನುಗುತ್ತಾ ಇದೆ."

ಮಕ್ಕಳೇ, ಆ ಯಂತ್ರ ಕೆಲಸ ಮಾಡುವ ರೀತಿ ಹೀಗೆ. ದೋಣಿಯ ಹಿಂಬದಿಯಲ್ಲಿ ನೀರೊಳಗೆ ಒಂದು ಬಿಲ್ಲೆ ಇರುತ್ತದೆ, ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಅದು ನಮಗೆ ಕೇಳಿಸದ ಧ್ವನಿಯನ್ನು ಕೆಳಗೆ ಕಳಿಸಿ, ತಳಕ್ಕೆ ಬಡಿದು ಬರುವ ಮಾರ್ದನಿಗೆ ಕಾಯುತ್ತದೆ. ನೀರಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಮೂರು ಮೀಟರ್ ಆಳವಿದ್ದರೆ ಹೋಗಿ ಬರಲು ಸೆಕೆಂಡಿನ ಸಾವಿರದ ನಾಲ್ಕು ಪಾಲು ಸಾಕು. ಮಾರ್ದನಿ ಬರದಿದ್ದರೆ? ಕೆಲವು ಯಂತ್ರಗಳು ಕೊನೆಗೆ ಸಿಕ್ಕ ಅಂಕಿಯನ್ನೇ ಹಿಡಿದುಕೊಂಡು ಮಿನುಗಿಸುತ್ತವೆ. ತಿಂಗಳುಗಟ್ಟಲೆ ಎಂಟ್ರಿ ಹಾಕಿಸದ ಪಾಸ್‌ಬುಕ್ ಇದ್ದ ಹಾಗೆ. ಕೊನೆಯ ಸಾಲಿನಲ್ಲಿ ಹಣವಿದೆ, ಖಾತೆಯಲ್ಲಿ ಇಲ್ಲ. ಮೂವತ್ತೈದು ವರ್ಷ ಗ್ರಾಹಕರಿಗೆ ಇದನ್ನೇ ಹೇಳುತ್ತಿದ್ದ ನಾನು ಅಂದು ಹಳೆಯ ಬ್ಯಾಲೆನ್ಸ್ ನಂಬಿ ಮಗುವನ್ನು ಇಳಿಸುವವನಿದ್ದೆ.

ದೋಣಿಯನ್ನು ಟ್ರೇಲರಿಗೆ ಏರಿಸಿ, ಬಿ.ಸಿ.ರೋಡಿನಿಂದ ಪುಂಜಾಲಕಟ್ಟೆ ದಾರಿಯಾಗಿ ಬೆಳ್ತಂಗಡಿಗೆ ಸಾಗಿಸಿದೆವು. ಅಳಿಯನ ಅಂಗಳದಲ್ಲಿ ಮರುದಿನ ಪೂರ್ತಿ ಅದೇ ಕೆಲಸ. ಬಿಲ್ಲೆಯ ಮೇಲೆ ಪಾಚಿ ಕಟ್ಟಿತ್ತು. ಗೀರು ಬೀಳದಂತೆ ಸೋಪಿನ ನೀರು, ಮೆತ್ತನೆ ಬಟ್ಟೆಯಲ್ಲಿ ಒರೆಸಿದೆವು. ಅದನ್ನು ಕೂರಿಸಿದ್ದೂ ತುಸು ಮೇಲೆ. ದೋಣಿ ಓಡುವಾಗ ಏಳುವ ಗುಳ್ಳೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು, ಗಾಳಿಯ ಗುಳ್ಳೆ ಧ್ವನಿಯನ್ನು ದಾಟಲು ಬಿಡುವುದಿಲ್ಲ. ಎರಡು ಬೆರಳಿನಷ್ಟು ಕೆಳಗಿಳಿಸಿದೆವು. ಬ್ಯಾಟರಿ ಅಂಗಡಿಯ ಹುಡುಗ ಮಲ್ಟಿಮೀಟರ್ ತಂದು ನೋಡಿದ. ಸುಮ್ಮನಿದ್ದಾಗ 12.6 ವೋಲ್ಟ್, ಎಂಜಿನ್ ಸ್ಟಾರ್ಟ್ ಮಾಡುವ ಕ್ಷಣ ಹತ್ತಕ್ಕಿಂತ ಕೆಳಗೆ. ತಂತಿಯ ಜೋಡಣೆಯಲ್ಲಿ ಹಸಿರು ಕಿಲುಬು. ಉಜ್ಜಿ, ಬಿಗಿದು, ಗ್ರೀಸ್ ಹಚ್ಚಿದ.

ಪೆಟ್ರೋಲ್ ಮುಳ್ಳು ಯಾವಾಗಲೂ ಫುಲ್ ತೋರಿಸುತ್ತಿತ್ತು, ಅದನ್ನೂ ನೋಡು ಎಂದೆ. ಮಕ್ಕಳನ್ನು ದೂರ ನಿಲ್ಲಿಸಿ, ಬ್ಯಾಟರಿ ಸ್ವಿಚ್ ಆರಿಸಿ, ಟ್ಯಾಂಕಿನ ಬಳಿ ತಂತಿ ಬಿಚ್ಚಿ, ಮತ್ತೆ ಸ್ವಿಚ್ ಹಾಕಿದ. ಮುಳ್ಳು ತಟ್ಟನೆ ಸೊನ್ನೆಗೆ ಬಿತ್ತು. "ಮೀಟರೂ ಸರಿ, ತಂತಿಯೂ ಸರಿ. ಒಳಗಿನ ತೇಲುಗುಂಡು ಮೇಲೆ ಸಿಕ್ಕಿಕೊಂಡಿದೆ" ಎಂದ. ನಿಜವೇ ಆಗಿತ್ತು. ಎರಡು ನಿಮಿಷದಲ್ಲಿ ತಪ್ಪು ಎಲ್ಲಿಲ್ಲ ಎಂದು ಮೊದಲು ಹೇಳಿದ ಆ ಹುಡುಗನ ಮೇಲೆ ನನಗೆ ಗೌರವ ಬಂತು. ಟ್ಯಾಲಿ ಆಗದ ದಿನ ನಾವೂ ಹೀಗೇ ಹುಡುಕುತ್ತಿದ್ದೆವು.

ಅಂಗಳದಲ್ಲಿ ಸರಿಯಾದದ್ದು ನೀರಿನಲ್ಲೂ ಸರಿಯೇ? ಮಕ್ಕಳನ್ನು ಕೂರಿಸಿಕೊಂಡು ಹೊಳೆಯಲ್ಲಿ ಪರೀಕ್ಷೆ ಮಾಡುವ ಧೈರ್ಯ ನನಗಿರಲಿಲ್ಲ. ಬಿಲ್ಲೆ, ಪರದೆ, ಬ್ಯಾಟರಿ ಬಿಚ್ಚಿಕೊಂಡು ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಹೊರಟೆವು. ಅಲ್ಲಿ ನನ್ನ ಹೆಂಡತಿಯ ತವರಿನ ಅಡಿಕೆ ತೋಟದಲ್ಲಿ ಕೆರೆಯಿದೆ. ವೇಣೂರಿನಲ್ಲಿ ಇಳಿದು 1604ರ ಬಾಹುಬಲಿಯನ್ನು ನೋಡಿದೆವು. ಮೂವತ್ತೈದು ಅಡಿ ಎಂದಾಗ ಮೊಮ್ಮಗ ಕತ್ತೆತ್ತಿ, "ನಮ್ಮ ಜಲ್ಲೆ ಎರಡೂವರೆ ಬೇಕು" ಎಂದ. ಆ ಗುಂಡಿ ಇನ್ನೂ ಅವನ ತಲೆಯಲ್ಲಿತ್ತು.

ಮೊದಲು ಬಾವಿಯಲ್ಲಿ ಇಳಿಸಿ ನೋಡಿದೆವು. ಅಂಕಿ ಮನಬಂದಂತೆ ಕುಣಿಯಿತು. ಧ್ವನಿ ಟಾರ್ಚಿನ ಬೆಳಕಿನಂತೆ ಅಗಲವಾಗುತ್ತ ಹೋಗುವುದರಿಂದ ಕಿರಿದಾದ ಬಾವಿಯಲ್ಲಿ ಗೋಡೆಯೂ ಉತ್ತರ ಕೊಡುತ್ತದೆ. ಆಮೇಲೆ ಕೆರೆಯ ನಡುವೆ ಹಲಗೆಗೆ ಕಟ್ಟಿ ತೇಲಿಬಿಟ್ಟೆವು. ಮೊಮ್ಮಗಳು ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಅಲ್ಲೇ ಇಳಿಸಿದಳು. ಹತ್ತು ಗಂಟು. ಪರದೆಯಲ್ಲಿ 3.0.

"ತಪ್ಪು! ಮೂರಂತೆ!" ಎಂದ ಮೊಮ್ಮಗ.

"ಅದು ಮೀಟರ್, ಇದು ಅಡಿ" ಎಂದಳು ಅವಳು. ಹತ್ತು ಅಡಿಗೆ 3.05. ಇಷ್ಟು ವ್ಯತ್ಯಾಸ ಬ್ಯಾಂಕಿನಲ್ಲಾದರೆ ಒಪ್ಪುತ್ತಿರಲಿಲ್ಲ, ಕೆರೆಯಲ್ಲಿ ಒಪ್ಪಿದೆ.

ರಜೆ ಮುಗಿಯುವ ಮುನ್ನ ಮತ್ತೆ ನೇತ್ರಾವತಿಗೆ ಹೋದೆವು. ಅದೇ ಜಾಗದಲ್ಲಿ ಪರದೆ 4.9 ತೋರಿಸಿತು, ಮಿನುಗಲಿಲ್ಲ. ಹಗ್ಗ ಬಿಟ್ಟರೆ ಹದಿನಾರು ಗಂಟು. ಮಕ್ಕಳು ಜಲ್ಲೆಗೂ ಅಡಿಗೊಂದು ಕೆಂಪು ಟೇಪು ಸುತ್ತಿದರು. "ನನ್ನ ಕೈಗೆ ಗೊತ್ತಿರುವುದಕ್ಕೆ ಬಣ್ಣ ಯಾಕೆ?" ಎಂದು ಹಿರಿಯರು ಗೊಣಗಿದರು, ಆದರೆ ಕೀಳಲಿಲ್ಲ.

ಅಂದು "ಆಯ್ತು" ಎಂದದ್ದನ್ನು ಮಗಳಿಗೆ ಇನ್ನೂ ಹೇಳಿಲ್ಲ. ಈ ಪತ್ರಿಕೆ ಅವಳ ಮನೆಗೂ ಹೋಗುತ್ತದೆ.